ಊರಿನ ಫೋಟೋದಲ್ಲಿ ತಳ್ಳುಗಾಡಿ ಇದ್ದರೆ ಯಾರಿಗೆ ತೊಂದರೆ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಸಣ್ಣದೊಂದು ಡಿಸೈನ್ ಮತ್ತು ಫ್ಲೆಕ್ಸ್ ಅಂಗಡಿ ನಡೆಸುತ್ತೇನೆ. ಕೆಲವು ವ್ಯಾಪಾರಸ್ಥರು, ಹೋಂಸ್ಟೇ ನಡೆಸುವವರು ಸೇರಿ ಊರಿಗೊಂದು ‘ಬ್ರ್ಯಾಂಡ್’ ಮಾಡಬೇಕು ಅಂತ ಹೊರಟಿದ್ದಾರೆ. ಒಂದು ಲೋಗೋ, ಒಂದು ಸಾಲಿನ ಘೋಷವಾಕ್ಯ, ಫೋಟೋಗಳಿರುವ ಪುಸ್ತಿಕೆ ಮಾಡಿಕೊಡಿ ಅಂದಿದ್ದಾರೆ. ಗಾಂಧಿ ಬಜಾರಿನ ಫೋಟೋ ತೋರಿಸಿದಾಗ ‘ತಳ್ಳುಗಾಡಿ, ಸೊಪ್ಪಿನವರು ಎಲ್ಲಾ ತೆಗೆದುಬಿಡಿ, ಕ್ಲೀನ್ ಆಗಿ ಕಾಣಲಿ’ ಅಂದರು. ಕಂಪ್ಯೂಟರಿನಲ್ಲಿ ಅದೇನು ದೊಡ್ಡ ಕೆಲಸವಲ್ಲ, ತೆಗೆದೆ. ಆ ಸಾಲಿನಲ್ಲಿ ಕೂರುವ ಒಬ್ಬ ಅಮ್ಮ ನಮ್ಮ ಬೀದಿಯವರೇ. ಆವತ್ತಿನಿಂದ ಯಾಕೋ ಕಿರಿಕಿರಿ. ಫೋಟೋದಿಂದ ತೆಗೆದರೆ ಯಾರಿಗೆ ಏನು ನಷ್ಟ? ಊರು ಚೆಂದ ಕಾಣಬಾರದಾ? ನಾನು ಸುಮ್ನೆ ಜಾಸ್ತಿ ಯೋಚನೆ ಮಾಡ್ತಿದ್ದೀನಾ?

ಉತ್ತರ: ಜಾಸ್ತಿ ಏನೂ ಇಲ್ಲ, ಯೋಚನೆ ಮಾಡಬೇಕಾದ ವಿಷಯವೇ. ಫೋಟೋದಿಂದ ಗಾಡಿ ತೆಗೆದ ಮಾತ್ರಕ್ಕೆ ಆ ಗಾಡಿಯವರ ಅವತ್ತಿನ ವ್ಯಾಪಾರ ಒಂದು ರೂಪಾಯಿಯೂ ಕಮ್ಮಿಯಾಗುವುದಿಲ್ಲ, ನಿಜ. ನಷ್ಟ ಶುರುವಾಗುವುದು ಆಮೇಲೆ. ಆ ಫೋಟೋ ಪುಸ್ತಿಕೆಗೆ ಹೋಗುತ್ತದೆ. ಪುಸ್ತಿಕೆ ಒಂದು ಸಭೆಗೆ ಹೋಗುತ್ತದೆ. ಅಲ್ಲಿ ಯಾರೋ ‘ನೋಡಿ, ನಮ್ಮ ಗಾಂಧಿ ಬಜಾರ್ ಹೀಗಿರಬೇಕು’ ಅನ್ನುತ್ತಾರೆ. ಕನ್ಸಲ್ಟೆಂಟ್ ಅದನ್ನೇ ಯೋಜನಾ ವರದಿಯ ಮುಖಪುಟಕ್ಕೆ ಹಾಕುತ್ತಾರೆ. ವರದಿಯಿಂದ ಟೆಂಡರ್, ಟೆಂಡರಿನಿಂದ ಕಲ್ಲುಹಾಸು. ಕಲ್ಲು ಹಾಸಿದ ಮೇಲೆ ಒಂದು ಬೋರ್ಡ್: ‘ಇಲ್ಲಿ ವ್ಯಾಪಾರ ನಿಷೇಧಿಸಲಾಗಿದೆ’. ಈ ಇಡೀ ಹಾದಿಯಲ್ಲಿ ಸೊಪ್ಪಿನವರನ್ನು ಓಡಿಸೋಣ ಅಂತ ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಎಲ್ಲರೂ ಚಿತ್ರದಲ್ಲಿ ಇದ್ದ ಹಾಗೆ ಮಾಡಿರುತ್ತಾರೆ, ಅಷ್ಟೇ.

ನಗರ ಯೋಜನೆಯ ಕಡತಗಳ ನಡುವೆ ಕೆಲಸ ಮಾಡುವ ನನ್ನಂಥವರಿಗೆ ಇದು ದಿನಾ ಕಾಣುವ ಸಂಗತಿ. ಹಾಗಾಗಿ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ.

ಊರಿಗೆ ಬ್ರ್ಯಾಂಡ್ ಮಾಡುವುದು ಪಾಪವೇನಲ್ಲ. ನ್ಯೂಯಾರ್ಕ್ 1975ರಲ್ಲಿ ಹೆಚ್ಚುಕಮ್ಮಿ ದಿವಾಳಿ ಅಂಚಿಗೆ ಬಂದಿತ್ತು. ಜನ ಆ ಕಡೆ ಹೋಗಲು ಹೆದರುತ್ತಿದ್ದರು. 1977ರಲ್ಲಿ ‘ಐ ಲವ್ ನ್ಯೂಯಾರ್ಕ್’ ಅಂತ ಕೆಂಪು ಹೃದಯದ ಗುರುತು ಹಿಡಿದು ಪ್ರಚಾರ ಶುರುವಾಯಿತು. ಇವತ್ತಿಗೂ ಟೀ ಶರ್ಟಿನ ಮೇಲೆ ಅದು ಓಡಾಡುತ್ತಿದೆ. ಜಗತ್ತಿನ ಎಷ್ಟೋ ಊರುಗಳಿಗೆ ಹುಚ್ಚು ಹಿಡಿಸಿದ್ದು ಅದೇ. ನಮ್ಮ ಶಿವಮೊಗ್ಗಕ್ಕೂ ಕಾರಣ ಇದೆ. ಜೋಗಕ್ಕೆ, ಆಗುಂಬೆಗೆ, ಸಿಗಂದೂರಿಗೆ ಹೋಗುವವರು ನಮ್ಮೂರನ್ನು ಹಾದು ಹೋಗುತ್ತಾರೆ. ಬಹಳಷ್ಟು ಜನ ಇಲ್ಲಿ ಊಟ ಮಾಡಿ ಹೊರಡುತ್ತಾರೆ, ಉಳಿಯುವುದಿಲ್ಲ. 2023ರ ಫೆಬ್ರುವರಿಯಲ್ಲಿ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲಂತೂ ‘ಬಂದವರನ್ನು ಎರಡು ದಿನ ಹಿಡಿದಿಡೋಣ’ ಅನ್ನುವ ಆಸೆ ಹೋಟೆಲಿನವರಿಗೆ ಬಂದರೆ ತಪ್ಪೇನು?

ತಕರಾರು ಇರುವುದು ಬೇರೆ ಕಡೆ. ಬ್ರ್ಯಾಂಡ್ ಮಾಡುವಾಗ ಊರನ್ನು ನೋಡುವ ಕಣ್ಣು ಹೊರಗಿನವರದಾಗಿರುತ್ತದೆ. ವಿಮಾನದಿಂದ ಇಳಿದವರಿಗೆ, ಬೆಂಗಳೂರಿನಿಂದ ಕಾರಿನಲ್ಲಿ ಬಂದವರಿಗೆ, ಬಂಡವಾಳ ಹಾಕುವವರಿಗೆ ಊರು ಹೇಗೆ ಕಾಣಬೇಕು ಅನ್ನುವುದು ಮೊದಲ ಪ್ರಶ್ನೆ. ಇಲ್ಲೇ ಹುಟ್ಟಿ, ಇಲ್ಲೇ ದುಡಿದು, ಇಲ್ಲೇ ಸಾಯುವವರಿಗೆ ಊರು ಹೇಗಿರಬೇಕು ಅನ್ನುವುದನ್ನು ಆ ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳದೆ ಹೋದಾಗ ಇಲ್ಲಿಯವರೇ ‘ಕಣ್ಣಿಗೆ ಅಡ್ಡ ಬರುವವರು’ ಆಗಿಬಿಡುತ್ತಾರೆ.

ನಿಮ್ಮ ಸೊಪ್ಪಿನ ಸಾಲನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಒಮ್ಮೆ ಬೆಳಗಿನ ಹೊತ್ತು ಹೋಗಿ ನಿಧಾನವಾಗಿ ನೋಡಿ. ಸುತ್ತಲಿನ ಹಳ್ಳಿಗಳಿಂದ ಮೊದಲ ಬಸ್ಸಿಗೆ ಹೆಂಗಸರು ಬರುತ್ತಾರೆ. ಕಂಡಕ್ಟರ್ ಹತ್ತಿರ ಲಗೇಜಿಗೆ ಚೌಕಾಸಿ ಮಾಡಿ ಚೀಲ ಇಳಿಸಿಕೊಳ್ಳುತ್ತಾರೆ. ಗೊಬ್ಬರದ ಚೀಲ ಹರಡಿ ಅದರ ಮೇಲೆ ಕೆಸ, ಒಂದೆಲಗ, ಹೆಚ್ಚಿಟ್ಟ ಕಳಲೆ (ಎಳೆ ಬಿದಿರು), ಮಾಡಹಾಗಲ ಜೋಡಿಸುತ್ತಾರೆ. ಬೇಸಿಗೆ ಮುಂಚೆ ಆದರೆ ಅಪ್ಪೆಮಿಡಿ. ಕಳಲೆಯನ್ನು ನೀರು ಬದಲಾಯಿಸುತ್ತಾ ನೆನೆಸಿಟ್ಟು ತಂದಿರುತ್ತಾರೆ, ಇಲ್ಲದಿದ್ದರೆ ಕಹಿ ಹೋಗುವುದಿಲ್ಲ. ಎಷ್ಟು ದಿನದ್ದು, ಎಷ್ಟು ನೀರು ಬದಲಾಗಿದೆ ಅನ್ನುವುದನ್ನು ಅವರೇ ಹೇಳಿಕೊಡುತ್ತಾರೆ. ವ್ಯಾಪಾರ ಮುಗಿದ ಮೇಲೆ ಚೀಲ ಮಡಚಿ ವಾಪಸ್ ಬಸ್ಸು.

ಈಗ ಹೋಂಸ್ಟೇಯವರ ಊಟದ ಪಟ್ಟಿ ನೋಡಿ. ಕಳಲೆ ಪಲ್ಯ, ಕೆಸದ ಪತ್ರೊಡೆ, ಅಪ್ಪೆಮಿಡಿ ಉಪ್ಪಿನಕಾಯಿ, ಒಂದೆಲಗದ ತಂಬುಳಿ. ಮೇಲೆ ದಪ್ಪ ಅಕ್ಷರದಲ್ಲಿ ‘ಅಪ್ಪಟ ಮಲೆನಾಡ ಸೊಗಡು’. ಅಂದರೆ ಏನಾಯ್ತು? ಸೊಪ್ಪು ಬ್ರ್ಯಾಂಡಿಗೆ ಬೇಕು, ಸೊಪ್ಪಿನಮ್ಮ ಬೇಡ. ಪದಾರ್ಥ ಪುಸ್ತಿಕೆಯ ಒಳಗೆ ಬಂತು, ಅದನ್ನು ಕಾಡಂಚಿನಿಂದ ಕುಯ್ದು, ನೆನೆಸಿ, ಹೊತ್ತು ತಂದವರು ಫೋಟೋದಿಂದ ಹೊರಗೆ ಹೋದರು. ನಿಮಗೆ ಕಿರಿಕಿರಿಯಾಗಿದ್ದು ಇದಕ್ಕೇ ಅಂತ ನನ್ನ ಊಹೆ.

ಇದು ಸೊಪ್ಪಿಗೆ ಮಾತ್ರ ಅಂಟಿದ ಕಥೆಯಲ್ಲ. ಹಸೆ ಚಿತ್ತಾರ ಗೊತ್ತಲ್ವಾ? ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಂಗಸರು ಮದುವೆಗೆ ಗೋಡೆ ಮೇಲೆ ಬರೆಯುತ್ತಿದ್ದ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಎಳೆ ಒಂದಿಷ್ಟೂ ಕದಲಬಾರದು, ಕೈ ಅಷ್ಟು ಹದವಾಗಿರಬೇಕು. ಇವತ್ತು ಅದೇ ಗೆರೆಗಳು ರೆಸಾರ್ಟಿನ ಗೋಡೆ, ಕಾಂಪೌಂಡು, ಆಮಂತ್ರಣ ಪತ್ರಿಕೆ, ಬಟ್ಟೆ ಚೀಲ ಎಲ್ಲದರ ಮೇಲೂ ಇವೆ. ಒಳ್ಳೆಯದೇ, ಕಲೆ ಉಳಿಯಿತು ಅನ್ನಬಹುದು. ಆದರೆ ಬರೆದವರು ಯಾರು, ಅವರಿಗೆ ಎಷ್ಟು ಕೊಟ್ಟರು, ಅವರ ಹೆಸರು ಎಲ್ಲಾದರೂ ಇದೆಯಾ? ಎಷ್ಟೋ ಕಡೆ ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಪ್ರಿಂಟ್ ಹೊಡೆದಿರುತ್ತಾರೆ. ನಿಮ್ಮದೇ ವೃತ್ತಿಯವರು ಮಾಡುವ ಕೆಲಸ, ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ದೊಡ್ಡ ದುಡ್ಡಿನ ವಿಷಯ. ಸ್ಮಾರ್ಟ್ ಸಿಟಿ ಯೋಜನೆಗೆ ಶಿವಮೊಗ್ಗ ಆಯ್ಕೆಯಾಗಿದ್ದು 2016ರಲ್ಲಿ. ಕೇಂದ್ರದಿಂದ ಒಂದು ನಗರಕ್ಕೆ 500 ಕೋಟಿ ರೂಪಾಯಿವರೆಗೆ, ಅಷ್ಟೇ ಮೊತ್ತ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಯಿಂದ ಅನ್ನುವ ಲೆಕ್ಕ. 2025ರ ಮಾರ್ಚ್ ಕೊನೆಗೆ ಕೇಂದ್ರದ ಆ ಯೋಜನೆ ಮುಗಿಯಿತು. ನಾನು ಅದನ್ನು ಸಾರಾಸಗಟಾಗಿ ಬೈಯುವವನಲ್ಲ. ಕಸ ಸುರಿಯುತ್ತಿದ್ದ ಕೆಲವು ಕನ್ಸರ್ವೆನ್ಸಿ ಗಲ್ಲಿಗಳು (ಕಟ್ಟಡಗಳ ಹಿಂದಿನ ಕಿರುದಾರಿಗಳು) ಮನುಷ್ಯರು ನಡೆಯುವ ಹಾಗಾದವು. ಕೆಲವು ರಸ್ತೆಗಳಿಗೆ ಮೊದಲ ಸಲ ನೆಟ್ಟಗಿನ ಫುಟ್‌ಪಾತ್ ಬಂತು. ಆದರೆ ಆ ಯೋಜನೆಯ ಎರಡು ಗುಣ ನಮ್ಮ ವಿಷಯಕ್ಕೆ ಮುಖ್ಯ. ಒಂದು, ಬಹುಪಾಲು ಹಣ ಆಯ್ದ ಒಂದು ಭಾಗಕ್ಕೆ ಹೋಗುತ್ತದೆ, ಊರಿಗೆಲ್ಲ ಹಂಚಿಕೆಯಾಗುವುದಿಲ್ಲ. ಎರಡು, ಕೆಲಸ ಮಾಡಿಸುವುದು ಕಂಪನಿ ಕಾಯ್ದೆಯಡಿ ಹುಟ್ಟಿದ ಒಂದು ಕಂಪನಿ. ವಾರ್ಡ್ ಸದಸ್ಯರನ್ನು ರಸ್ತೆಯಲ್ಲಿ ನಿಲ್ಲಿಸಿ ‘ಏನಪ್ಪಾ ಇದು’ ಅಂತ ಕೇಳುವ ಹಾಗೆ ಕಂಪನಿಯ ಬೋರ್ಡನ್ನು ಕೇಳಲು ಆಗುವುದಿಲ್ಲ. ಗೋಪಾಳದವರೋ, ತುಂಗಾನಗರದವರೋ, ಮಿಳಘಟ್ಟದವರೋ ತಮ್ಮ ಬೀದಿಯ ಚರಂಡಿ ಬಗ್ಗೆ ಕೇಳಿದರೆ ‘ಅದು ಈ ಯೋಜನೆಯ ವ್ಯಾಪ್ತಿಗೆ ಬರಲ್ಲ’ ಅನ್ನುವ ಉತ್ತರ ಸುಲಭವಾಗಿ ಸಿಗುತ್ತದೆ. ಚೆಂದ ಕಾಣುವ ಭಾಗ ಇನ್ನಷ್ಟು ಚೆಂದವಾಗುತ್ತದೆ.

ಇದರ ಅತಿರೇಕ ಬೇಕಾದರೆ ದೆಹಲಿ, ಅಹಮದಾಬಾದ್ ನೋಡಬೇಕು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿನಲ್ಲಿ ದೆಹಲಿಯಲ್ಲಿ ಕೊಳೆಗೇರಿಗಳು ಕಾಣದಂತೆ ಬಿದಿರಿನ ತಟ್ಟಿ ನಿಲ್ಲಿಸಿದ್ದರು. 2020ರ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷರು ಬರುತ್ತಾರೆ ಅಂತ ಅಹಮದಾಬಾದಿನಲ್ಲಿ ಕೊಳೆಗೇರಿಯ ಮುಂದೆ ಗೋಡೆಯೇ ಎದ್ದಿತು. ನೀವು ಮೌಸ್ ಹಿಡಿದು ಮಾಡಿದ ಕೆಲಸವನ್ನು ಅವರು ಇಟ್ಟಿಗೆಯಲ್ಲಿ ಮಾಡಿದರು. ತಟ್ಟಿ, ಗೋಡೆ ಕಣ್ಣಿಗೆ ಕಾಣುವುದರಿಂದ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಜನ ಬೈಯುತ್ತಾರೆ. ಕಾಣದೆ ನಡೆಯುವುದೇ ಹೆಚ್ಚು.

ಅದೇ ಅಹಮದಾಬಾದಿನಲ್ಲಿ ನಮಗೆ ಹತ್ತಿರದ ಇನ್ನೊಂದು ಪಾಠ ಇದೆ. ಸಾಬರ್ಮತಿ ನದಿತೀರ ಅಭಿವೃದ್ಧಿಗಾಗಿ ದಡದಲ್ಲಿದ್ದ ಸಾವಿರಾರು ಕುಟುಂಬಗಳನ್ನು ಎಬ್ಬಿಸಿದರು. ಎಷ್ಟೋ ಮಂದಿಗೆ ಮನೆ ಸಿಕ್ಕಿದ್ದು ಊರ ಹೊರಗೆ, ಕೆಲಸದಿಂದ ದೂರ. ಆದರೆ ಅದೇ ದಡದಲ್ಲಿ ಗುಜರಿ ಬಜಾರ್ ಅಂತ ಭಾನುವಾರದ ಸಂತೆ ಇತ್ತು. ಶತಮಾನಗಳ ಇತಿಹಾಸ ಇರುವ ಸಂತೆ. ಅಲ್ಲಿನ ವ್ಯಾಪಾರಿಗಳಿಗೆ ಗಟ್ಟಿ ಸಂಘ ಇತ್ತು. ಅವರು ಪಟ್ಟು ಹಿಡಿದರು, ಕೋರ್ಟಿಗೂ ಹೋದರು. ಕೊನೆಗೆ ನದಿತೀರದಲ್ಲೇ ಅವರಿಗೆ ಕಟ್ಟೆ, ನೆರಳು ಇರುವ ಹೊಸ ಮಾರುಕಟ್ಟೆ ಕಟ್ಟಿಕೊಟ್ಟರು. 2014ರಿಂದ ಸಂತೆ ಅಲ್ಲೇ ಸೇರುತ್ತಿದೆ. ಹೊಸ ಜಾಗ ಎಲ್ಲರಿಗೂ ಸಾಲಲಿಲ್ಲ ಅನ್ನುವ ದೂರೂ ಇದ್ದಿರಬಹುದು, ಇರುತ್ತದೆ. ಆದರೂ ಒಂದು ವಿಷಯ ಸ್ಪಷ್ಟ. ನಕ್ಷೆ ಬರೆಯುವ ಹೊತ್ತಿಗೆ ಮಾತಾಡಿದವರಿಗೆ ಜಾಗ ಸಿಕ್ಕಿತು.

ನಮ್ಮಲ್ಲೂ ತುಂಗೆಯ ದಡದಲ್ಲಿ ನದಿತೀರ ಅಭಿವೃದ್ಧಿ ಆಗಿದೆ. ಸಂಜೆ ತಿರುಗಾಡಲು ಚೆನ್ನಾಗಿದೆ. ಆದರೆ ಹೊಳೆದಂಡೆ ಅಂದರೆ ತಿರುಗಾಟ ಒಂದೇನಾ? ಬಟ್ಟೆ ಒಗೆಯುವವರಿದ್ದಾರೆ, ಗಾಳ ಹಾಕುವವರಿದ್ದಾರೆ, ಈಜು ಕಲಿಯುವ ಹುಡುಗರಿದ್ದಾರೆ, ತಿಥಿ ಕಾರ್ಯಕ್ಕೆ ಬರುವವರಿದ್ದಾರೆ, ಎಮ್ಮೆ ಮೈ ತೊಳೆಯುವವರಿದ್ದಾರೆ. ಯಾವುದೇ ನದಿತೀರದ ಯೋಜನೆಗೆ ನಾನು ಕೇಳುವ ಪ್ರಶ್ನೆಗಳು ಸರಳ. ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ? ಟಿಕೆಟ್ ಇದೆಯಾ? ನೀರಿಗೆ ಇಳಿಯಲು ಮೆಟ್ಟಿಲು ಉಳಿಸಿದ್ದಾರಾ, ಇಲ್ಲಾ ಕಂಬಿ ಹಾಕಿ ನೀರನ್ನು ದೂರದಿಂದ ನೋಡಿ ಅಂದಿದ್ದಾರಾ? ಮೋರಿ ನೀರು ಇನ್ನೂ ಹೊಳೆಗೇ ಬೀಳುತ್ತಿದೆಯಾ? ಕೊನೆಯದಕ್ಕೆ ಉತ್ತರ ಫೋಟೋದಲ್ಲಿ ಕಾಣಿಸುವುದಿಲ್ಲ, ಮೂಗಿಗೆ ಗೊತ್ತಾಗುತ್ತದೆ.

ಘಟ್ಟದ ಕಡೆ ಬಂದರೆ ವಿಷಯ ಇನ್ನೂ ಆಳಕ್ಕೆ ಹೋಗುತ್ತದೆ. ಮಲೆನಾಡಿನ ಯಾವ ಪುಸ್ತಿಕೆಯೇ ಆಗಲಿ, ಜೋಗ ಇಲ್ಲದೆ ಮುಗಿಯುವುದಿಲ್ಲ. ಅದರ ಮೇಲ್ಗಡೆ ಲಿಂಗನಮಕ್ಕಿ. ಆ ಅಣೆಕಟ್ಟು 1964ರಲ್ಲಿ ಆಯಿತು. ನಾಡಿಗೆಲ್ಲ ಬೆಳಕು ಕೊಟ್ಟಿತು. ಊರು, ಗದ್ದೆ, ತೋಟ ಮುಳುಗಿಸಿಕೊಂಡು ಎದ್ದು ಬಂದ ಕುಟುಂಬಗಳಲ್ಲಿ ಎಷ್ಟೋ ಮಂದಿ ಇವತ್ತಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ‘ಮುಳುಗಡೆ ಸಂತ್ರಸ್ತರು’ ಅನ್ನುವ ಮಾತು ಶಿವಮೊಗ್ಗ ಜಿಲ್ಲೆಯಲ್ಲಿ ಚುನಾವಣೆ ಬಂದಾಗಲೆಲ್ಲ ಕೇಳುತ್ತದೆ, ಪ್ರವಾಸದ ಪುಸ್ತಿಕೆಯಲ್ಲಿ ಕೇಳುವುದಿಲ್ಲ. ಅಲ್ಲಿ ಹಿನ್ನೀರು ಅಂದರೆ ಸೂರ್ಯಾಸ್ತ ನೋಡುವ ಜಾಗ.

ಆ ಹಿನ್ನೀರಿನ ಆಚೆ ದಡದ ತುಮರಿ ಕಡೆಯವರನ್ನು ಕೇಳಿ ನೋಡಿ. ಕರೂರು, ಬಾರಂಗಿ ಹೋಬಳಿಯವರಿಗೆ ಸಾಗರಕ್ಕೆ ಬರಲು ದಶಕಗಳ ಕಾಲ ಹಿನ್ನೀರು ದಾಟಿಸುವ ಲಾಂಚೇ ಗತಿ. ಹೆರಿಗೆ ನೋವು, ಹಾವು ಕಡಿತ, ಪರೀಕ್ಷೆ, ಏನೇ ಇದ್ದರೂ ಲಾಂಚಿನ ಹೊತ್ತಿಗೆ ಕಾಯಬೇಕಿತ್ತು. ಸಿಗಂದೂರು ದೇವಸ್ಥಾನ ಹೆಸರಾದ ಮೇಲೆ ರಜಾ ದಿನಗಳಲ್ಲಿ ಹೊರಗಿನ ವಾಹನಗಳ ಸಾಲು. ನಾವು ‘ಲಾಂಚಿನಲ್ಲಿ ಹೋಗೋದೇ ಒಂದು ಮಜಾ’ ಅಂತ ಫೋಟೋ ಹಾಕಿದೆವು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಗಿದ್ದು 2025ರ ಜುಲೈ 14ರಂದು. ‘ಅಯ್ಯೋ, ಲಾಂಚ್ ಹೋಯ್ತಲ್ಲ’ ಅಂತ ಬೇಜಾರು ಮಾಡಿಕೊಂಡ ಪ್ರವಾಸಿಗರ ಮಾತು ಕೇಳಿ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಕೆಲವರನ್ನು ಯಾರೂ ಓಡಿಸುವುದಿಲ್ಲ. ಅವರು ಮೊದಲಿನಿಂದಲೂ ಚಿತ್ರದಲ್ಲಿ ಇರುವುದಿಲ್ಲ, ಅಷ್ಟೇ. ತೊಟ್ಟಿ ಮನೆ, ಅಡಿಕೆ ತೋಟ, ಜಗಲಿ ಮೇಲೆ ಕಾಫಿ ಲೋಟ, ಇದೇ ಮಲೆನಾಡು ಅಂತ ಆಗಿಹೋಗಿದೆ. ಆ ಅಡಿಕೆ ಸುಲಿಯುವ ಹೆಂಗಸರು, ಗೊನೆ ತೆಗೆಯಲು ಮರ ಹತ್ತುವವರು ಎಲ್ಲಿ? ನಮ್ಮೂರೊಳಗಿನ ಲಷ್ಕರ್ ಮೊಹಲ್ಲಾ ಎಲ್ಲಿ? ಸದಾಶಿವಪುರದ ಹಕ್ಕಿಪಿಕ್ಕಿ ಬುಡಕಟ್ಟಿನವರು ಎಲ್ಲಿ? 2023ರಲ್ಲಿ ಸುಡಾನಿನ ಯುದ್ಧದ ನಡುವೆ ಸಿಕ್ಕಿಕೊಂಡ ಭಾರತೀಯರಲ್ಲಿ ಶಿವಮೊಗ್ಗ ಕಡೆಯ ಹಕ್ಕಿಪಿಕ್ಕಿಗಳೂ ಇದ್ದರು ಅಂತ ಗೊತ್ತಾದಾಗ ನಮ್ಮೂರಿನ ಎಷ್ಟೋ ಜನರಿಗೇ ಆಶ್ಚರ್ಯವಾಯಿತು. ಗಿಡಮೂಲಿಕೆ ಎಣ್ಣೆ ಮಾರಿಕೊಂಡು ಆಫ್ರಿಕಾದವರೆಗೆ ಹೋಗುವ ಜನ ನಮ್ಮ ಪಕ್ಕದಲ್ಲೇ ಇದ್ದಾರೆ! ಭದ್ರಾವತಿಯನ್ನೂ ನೋಡಿ. ವಿಶ್ವೇಶ್ವರಯ್ಯನವರ ಕಾಲದ ಕಬ್ಬಿಣ ಕಾರ್ಖಾನೆ, ಕಾಗದ ಕಾರ್ಖಾನೆ ಎರಡೂ ಇದ್ದ ಊರು. ಜಿಲ್ಲೆಯ ಎಷ್ಟು ಮನೆಗಳಿಗೆ ಅನ್ನ ಹಾಕಿದ ಊರು! ಹಸಿರು, ಮಂಜು, ಜಲಪಾತದ ಬ್ರ್ಯಾಂಡಿನಲ್ಲಿ ಕಾರ್ಮಿಕರಿಗೆ ಕೂರಲು ಜಾಗವೇ ಇಲ್ಲ.

ಹೊರದೇಶದ್ದು ಎರಡೇ ಮಾತು. ಆಮ್ಸ್ಟರ್‌ಡ್ಯಾಮ್ 2004ರಲ್ಲಿ ‘ಐ ಆಮ್ಸ್ಟರ್‌ಡ್ಯಾಮ್’ ಅಂತ ಬ್ರ್ಯಾಂಡ್ ಮಾಡಿತು. ಆಳೆತ್ತರದ ಅಕ್ಷರಗಳು ಸೆಲ್ಫಿ ಜಾಗವಾದವು. ಜನಸಂದಣಿ ಎಷ್ಟಾಯಿತೆಂದರೆ 2018ರ ಡಿಸೆಂಬರಿನಲ್ಲಿ ನಗರಸಭೆಯೇ ನಿರ್ಧರಿಸಿ ವಸ್ತುಸಂಗ್ರಹಾಲಯದ ಮುಂದಿದ್ದ ಅಕ್ಷರಗಳನ್ನು ಕಿತ್ತು ಹಾಕಿಸಿತು. ಜರ್ಮನಿಯ ಹ್ಯಾಂಬರ್ಗಿನಲ್ಲಿ 2009ರಲ್ಲಿ ಕಲಾವಿದರು, ಸಂಗೀತಗಾರರು ಸೇರಿ ‘ನಮ್ಮ ಹೆಸರಿನಲ್ಲಿ ಬೇಡ’ ಅಂತ ಹೇಳಿಕೆ ಹೊರಡಿಸಿದರು. ನಮ್ಮನ್ನು ತೋರಿಸಿ ಊರಿನ ಬೆಲೆ ಏರಿಸುತ್ತೀರಿ, ಏರಿದ ಬಾಡಿಗೆ ಕೊಡಲಾಗದೆ ನಾವೇ ಊರು ಬಿಡುತ್ತೇವೆ ಅನ್ನುವುದು ಅವರ ಸಿಟ್ಟು.

ಈಗ ನಿಮ್ಮ ಎರಡನೇ ಪ್ರಶ್ನೆ. ಊರು ಚೆಂದ ಕಾಣಬಾರದಾ? ಕಾಣಬೇಕು. ಬೀದಿ ವ್ಯಾಪಾರ ಅಂದ ತಕ್ಷಣ ಎಲ್ಲಾ ಸರಿ ಅನ್ನುವ ಪೈಕಿ ನಾನಲ್ಲ. ಗಾಲಿಕುರ್ಚಿಯವರಿಗೆ, ಕಣ್ಣು ಕಾಣದವರಿಗೆ, ಮಗು ಎತ್ತಿಕೊಂಡವರಿಗೆ ಫುಟ್‌ಪಾತ್ ಬೇಕೇಬೇಕು. ಕೊಳೆತ ಸೊಪ್ಪನ್ನು ಚರಂಡಿಗೆ ತುಂಬಿದರೆ ಮಳೆಗಾಲದಲ್ಲಿ ಬೀದಿಯೇ ಹೊಳೆ. ಜಾಗ ಗುರುತಿಸಿ, ಗೆರೆ ಎಳೆದು, ಕಸದ ಡಬ್ಬಿ ಇಟ್ಟು, ಹೆಂಗಸರಿಗೊಂದು ಶೌಚಾಲಯ ಕಟ್ಟಿ, ಆಮೇಲೆ ಶಿಸ್ತು ಕೇಳಿ. ಅದು ವ್ಯವಸ್ಥೆ. ‘ನೋಡೋಕೆ ಚೆನ್ನಾಗಿಲ್ಲ’ ಅಂತ ಎಬ್ಬಿಸುವುದು ಬೇರೆ. ಪಕ್ಕದಲ್ಲೇ ಅಂಗಡಿಯವರು ಫುಟ್‌ಪಾತಿಗೆ ಎರಡಡಿ ಮುಂದೆ ಬಂದು ಗಾಜಿನ ಬಾಕ್ಸ್ ಇಟ್ಟರೆ, ಕಾರುಗಳು ಅರ್ಧ ರಸ್ತೆ ತಿಂದರೆ ಯಾರಿಗೂ ಕಣ್ಣಿಗೆ ಚುಚ್ಚುವುದಿಲ್ಲ, ಅಲ್ವಾ?

ಕಾನೂನೂ ಈ ವ್ಯತ್ಯಾಸವನ್ನು ಒಪ್ಪಿಕೊಂಡಿದೆ. ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಅಂತ ಸುಪ್ರೀಂ ಕೋರ್ಟ್ 1985ರಲ್ಲಿ ಮುಂಬಯಿಯ ಫುಟ್‌ಪಾತ್ ನಿವಾಸಿಗಳ ಪ್ರಕರಣದಲ್ಲಿ ಹೇಳಿತು. ಬೀದಿ ವ್ಯಾಪಾರಿಗಳಿಗಾಗಿಯೇ 2014ರಲ್ಲಿ ಕೇಂದ್ರದ ಕಾಯ್ದೆ ಬಂತು. ಅದರ ಪ್ರಕಾರ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಬೇಕು. ಜನ ತಾವಾಗಿ ಸೇರಿ ಬೆಳೆದ ಮಾರುಕಟ್ಟೆ ಸಮೀಕ್ಷೆಯಲ್ಲಿ ಗುರುತಾಗಿದ್ದರೆ ಅದನ್ನು ವ್ಯಾಪಾರ ನಿಷೇಧಿತ ಜಾಗ ಅಂತ ಘೋಷಿಸುವಂತಿಲ್ಲ. 50 ವರ್ಷಕ್ಕಿಂತ ಹಳೆಯದಾದರೆ ಪಾರಂಪರಿಕ ಮಾರುಕಟ್ಟೆ ಅಂತ ಉಳಿಸಬೇಕು. ಜಪ್ತಿ ಮಾಡಿದ ಹಣ್ಣು ಸೊಪ್ಪನ್ನು ಕೇಳಿದ ದಿನವೇ ವಾಪಸ್ ಕೊಡಬೇಕು. ಈ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಮ್ಮಿ ಇಲ್ಲದಷ್ಟು ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಎಷ್ಟೋ ಸೊಪ್ಪಿನಮ್ಮಂದಿರಿಗೆ ಇದು ಗೊತ್ತೇ ಇಲ್ಲ. ನಿಮ್ಮ ಬೀದಿಯವರಿಗೆ ಹೇಳಿ. ಗುರುತಿನ ಚೀಟಿ ಇದೆಯಾ ಅಂತಲೂ ಕೇಳಿ.

ನಿಮ್ಮ ಕೈಯಲ್ಲಿ ಏನಿದೆ? ತುಂಬಾ ಇದೆ, ಯಾಕೆಂದರೆ ಚೌಕಟ್ಟು ಹಾಕುವವರು ನೀವು. ಗಾಡಿ ಇರುವ ಫೋಟೋವನ್ನೇ ಚೆನ್ನಾಗಿ ತೆಗೆಯಿರಿ. ಬೆಳಗಿನ ಬೆಳಕಿನಲ್ಲಿ ಆ ಸೊಪ್ಪಿನ ಸಾಲಿಗಿಂತ ಚೆಂದದ್ದು ಇಡೀ ಬಜಾರಿನಲ್ಲಿ ಇನ್ನೊಂದಿಲ್ಲ, ಬೇಕಾದರೆ ಪಂದ್ಯ ಕಟ್ಟುತ್ತೇನೆ. ಅವರನ್ನು ಕೇಳಿ ತೆಗೆಯಿರಿ, ಬೇಡ ಅಂದರೆ ಬಿಡಿ. ಅಡಿಬರಹದಲ್ಲಿ ‘ಸ್ಥಳೀಯ ಮಹಿಳೆ’ ಅಂತ ಬರೆಯಬೇಡಿ, ಒಪ್ಪಿದರೆ ಹೆಸರು ಹಾಕಿ. ಚಿತ್ತಾರ ಬೇಕಾದರೆ ಬರೆಯುವವರ ಹತ್ತಿರ ಹೋಗಿ, ದುಡ್ಡು ಕೊಟ್ಟು ಬರೆಸಿ. ಪುಸ್ತಿಕೆಯಲ್ಲಿ ಕನ್ನಡ ಒಂದು ಮೂಲೆಯಲ್ಲಿ ಅಲಂಕಾರಕ್ಕೆ ಕೂರದಿರಲಿ, ಇಲ್ಲಿಯವರೂ ಓದುವಂತಿರಲಿ.

ಗಿರಾಕಿಗಳ ಹತ್ತಿರ ಜಗಳ ಬೇಡ. ಅವರ ಭಾಷೆಯಲ್ಲೇ ಮಾತಾಡಿ. ಖಾಲಿ ಕಲ್ಲುಹಾಸಿನ ಬೀದಿ ಯಾವ ಊರಲ್ಲಿ ಇಲ್ಲ ಹೇಳಿ? ಹುಬ್ಬಳ್ಳಿಯಲ್ಲೂ ಇದೆ, ತುಮಕೂರಿನಲ್ಲೂ ಇದೆ. ಕಳಲೆ ಮಾರುವ ಬೀದಿ ಎಷ್ಟು ಊರಲ್ಲಿದೆ? ಬ್ರ್ಯಾಂಡ್ ಅಂದರೆ ಬೇರೆಯವರ ಹತ್ತಿರ ಇಲ್ಲದ್ದನ್ನು ತೋರಿಸುವುದಲ್ವಾ? ಹೋಂಸ್ಟೇಯವರಿಗೆ ಇದು ಬೇಗ ಅರ್ಥವಾಗುತ್ತದೆ, ಅವರಿಗೂ ನಾಳೆ ಬೆಳಿಗ್ಗೆ ಕೆಸ ಬೇಕು. ಅವರ ಪೈಕಿ ಇಬ್ಬರು ನಿಮ್ಮ ಕಡೆ ಬಂದರೆ ಸಾಕು.

ಇನ್ನೊಂದು ಕೆಲಸ ಮಾಡಿ. ಘೋಷವಾಕ್ಯ ಗಟ್ಟಿ ಮಾಡುವ ಮುಂಚೆ ಒಂದು ಸಭೆ ಇಡಿಸಿ. ಬೀದಿ ವ್ಯಾಪಾರಿಗಳ ಸಂಘದವರು, ಆಟೋದವರು, ಪೌರಕಾರ್ಮಿಕರು, ಹಾಸ್ಟೆಲ್ ಹುಡುಗರು ಬರಲಿ. ‘ಕರೆದ್ವಿ, ಯಾರೂ ಬರಲಿಲ್ಲ’ ಅನ್ನುವ ಮಾತು ನಾನು ಬೇಕಾದಷ್ಟು ಕೇಳಿದ್ದೇನೆ. ಕರೆದಿದ್ದು ಬೆಳಿಗ್ಗೆ ಹನ್ನೊಂದಕ್ಕೆ, ಸ್ಟಾರ್ ಹೋಟೆಲಿನ ಹಾಲಿನಲ್ಲಿ. ವ್ಯಾಪಾರ ಬಿಟ್ಟು ಯಾರು ಬರುತ್ತಾರೆ? ಬೆಳಗಿನ ಸೊಪ್ಪು ಮುಗಿದು, ಸಂಜೆಯ ಗಾಡಿಗಳು ಇನ್ನೂ ಬೀದಿಗೆ ಇಳಿಯದ ಹೊತ್ತು ಮಧ್ಯಾಹ್ನ ಎರಡೂವರೆಯಿಂದ ನಾಲ್ಕು. ಬಜಾರಿಗೆ ನಡೆದು ಬರುವಷ್ಟು ಹತ್ತಿರದ ಯಾವುದಾದರೂ ಸಮುದಾಯ ಭವನ ಹಿಡಿಯಿರಿ. ಹಳ್ಳಿಗೆ ವಾಪಸ್ ಹೋಗುವವರ ಬಸ್ಸಿನ ವೇಳೆ ಮೊದಲೇ ವಿಚಾರಿಸಿಕೊಳ್ಳಿ, ಅವರ ಮಾತು ಮೊದಲು ಆಗಲಿ.